ನೋವಿಲ್ಲದವರ ರಕ್ತ

ಸಾಕಮ್ಮ ತನ್ನ ಅತ್ತೆಯ ಫಾರಂ ತುಂಬಿದ್ದು ಬಸ್ಸಿನಲ್ಲಿ. 1999ರ ಜುಲೈ. ತಿ. ನರಸೀಪುರದಿಂದ ನಂಜನಗೂಡಿಗೆ ಹೋಗುವ ಬೆಳಗಿನ ಬಸ್ಸು. ಊಟದ ಡಬ್ಬಿಯನ್ನು ತೊಡೆಯ ಮೇಲಿಟ್ಟು, ಅದರ ಮೇಲೆ ಎಂಟು ಫಾರಂ ಜೋಡಿಸಿಕೊಂಡಿದ್ದಳು. ಏಳನ್ನು ಹಿಂದಿನ ಸಂಜೆ ಬೀದಿಯ ಹೆಂಗಸರನ್ನು ಕೇಳಿ ಬರೆದಾಗಿತ್ತು. ಎಂಟನೆಯದು ಉಳಿದಿತ್ತು. ಹೆಸರು, ಚಲುವಮ್ಮ. ವಯಸ್ಸು ಐವತ್ತೆಂಟು. ಊರು ಸೋಸಲೆ. ನೆಲದ ಮೇಲೆ ಕೂತು ಏಳಲು ಕಷ್ಟವಿದೆಯೇ? ಇಲ್ಲ. ಮೆಟ್ಟಿಲು ಹತ್ತಿ ಇಳಿಯಲು? ಇಲ್ಲ. ಮಂಡಿಯಲ್ಲಿ ನೋವು, ಊತ, ಸದ್ದು? ಇಲ್ಲ, ಇಲ್ಲ, ಇಲ್ಲ. ರಸ್ತೆಯ ಗುಂಡಿಗಳಿಗೆ ಪೆನ್ನು ಎಗರುತ್ತಿದ್ದರೂ ಬಸ್ಸು ನಂಜನಗೂಡು ಮುಟ್ಟುವ ಹೊತ್ತಿಗೆ ಇಪ್ಪತ್ತೆರಡು ಪ್ರಶ್ನೆಗೂ ಉತ್ತರ ಬಿದ್ದಿತ್ತು.

ಅತ್ತೆಯನ್ನು ಕೇಳಿರಲಿಲ್ಲ. ಹಿಂದಿನ ಸಂಜೆ ಅತ್ತೆ ಕೈಗೆ ಸಿಕ್ಕಿರಲಿಲ್ಲ. ಮೊದಲು ಬೀದಿ ನಲ್ಲಿಯ ಹತ್ತಿರ ಇದ್ದಳು, ಆಮೇಲೆ ಹಸುವಿನ ಹತ್ತಿರ, ಆಮೇಲೆ ಒಲೆಯ ಮುಂದೆ. ಒಲೆಯ ಮುಂದೆ ಕೂತವಳನ್ನು ಕೇಳಬಹುದಿತ್ತು. ಆದರೆ ಆಗ ಸಾಕಮ್ಮ ಊಟಕ್ಕೆ ಕೂತಿದ್ದಳು, ಅತ್ತೆ ಬಡಿಸುತ್ತಿದ್ದಳು.

ಸಾಕಮ್ಮನ ಕೆಲಸ ಇದ್ದದ್ದು ನಂಜನಗೂಡಿನ ಕೈಗಾರಿಕಾ ಪ್ರದೇಶದ ಹಿಂಬದಿಯಲ್ಲಿ, ಹಳೆಯ ಗೋದಾಮೊಂದನ್ನು ಬಾಡಿಗೆಗೆ ಹಿಡಿದು ನಡೆಸುತ್ತಿದ್ದ ಸಣ್ಣ ಪ್ರಯೋಗಾಲಯದಲ್ಲಿ. ಕೀಲುವಾತದಲ್ಲಿ ಮೂಳೆಗಳ ತುದಿಯ ಮೆತ್ತನೆಯ ಪದರ, ಅಂದರೆ ಮೃದ್ವಸ್ಥಿ, ಹೇಗೆ ಸವೆಯುತ್ತದೆ ಎಂಬುದನ್ನು ಅಲ್ಲಿ ನೋಡುತ್ತಿದ್ದರು. 1995ರಲ್ಲಿ ಸಹಾಯಕಿಯ ಹುದ್ದೆಗೆ ಸಂದರ್ಶನ ನಡೆದಾಗ ಆರು ಜನ ಬಿ.ಎಸ್ಸಿ. ಆದವರು ಬಂದಿದ್ದರು. ಇಲಿ ಹಿಡಿಯಬೇಕು, ಕುರಿಯ ಮಂಡಿ ಬಿಡಿಸಬೇಕು ಎಂದೊಡನೆ ಐದು ಜನ ಎದ್ದು ಹೋದರು. ಹೀಗೆ ಸಾಕಮ್ಮನಿಗೆ ಕೆಲಸವಾಯಿತು.

ಮೊದಲ ದಿನ ಮಾಂಸದಂಗಡಿಯಿಂದ ತಂದ ಕುರಿಯ ಕಾಲುಗಳು ಸ್ಟೀಲ್ ತಟ್ಟೆಯಲ್ಲಿದ್ದವು. ವಿಜ್ಞಾನಿ ಡಾಕ್ಟರ್ ಚನ್ನಾಜಮ್ಮ ಕವಲಂದೆಯ ಲಿಂಗಾಯತರ ಮನೆಯವರು. ಬಾಯಿಗೆ ಬಟ್ಟೆ ಕಟ್ಟಿ, ಎರಡು ಜೊತೆ ಕೈಗವಸು ಹಾಕಿಕೊಂಡು, ಹರಿತವಾದ ಅಲಗು ಹಿಡಿದು ಯಾವ ಕಡೆಯಿಂದ ಶುರು ಮಾಡುವುದೋ ತಿಳಿಯದೆ ನಿಂತಿದ್ದರು.

"ಕೊಡಿ ಮೇಡಂ," ಎಂದಳು ಸಾಕಮ್ಮ. ಕೀಲನ್ನು ಎರಡು ಬೆರಳಲ್ಲಿ ತಿರುಗಿಸಿ, ಬಾಯಿ ಬಿಡಿಸಿ, ತುದಿಯ ಹೊಳೆಯುವ ಬಿಳಿ ಪದರವನ್ನು ಸೌತೆಕಾಯಿಯ ಸಿಪ್ಪೆ ತೆಗೆದಂತೆ ತೆಳ್ಳಗೆ ಹೆರೆದಳು.

"ಎಲ್ಲಿ ಕಲಿತ್ರಿ?"

"ನಮ್ಮನೇಲಿ ಇದ್ರ ಸಾರು ಮಾಡ್ತೀವಿ ಮೇಡಂ. ಈ ಬಿಳೀದು ಮಕ್ಳಿಗೆ ಇಷ್ಟ."

ಚನ್ನಾಜಮ್ಮ ನಕ್ಕರು, ಆಮೇಲೆ ಕಿಟಕಿಯ ಕಡೆ ತಿರುಗಿ ನಿಧಾನಕ್ಕೆ ಉಸಿರು ತೆಗೆದುಕೊಂಡರು.

ಆ ಬಿಳಿ ಪದರದಿಂದ ಒಂದು ಪ್ರೋಟೀನನ್ನು ಬೇರೆ ಮಾಡಿ ಇಲಿಗೆ ಚುಚ್ಚುತ್ತಿದ್ದರು. ಇಲಿಯ ಮೈ ಅದನ್ನು ಪರಕೀಯವೆಂದು ತಿಳಿದು ಅದಕ್ಕೆ ಅಂಟಿಕೊಳ್ಳುವ ಪ್ರತಿಕಾಯಗಳನ್ನು ಮಾಡುತ್ತದೆ. ಅವನ್ನು ಮಾಡುವ ಜೀವಕೋಶಗಳು ಇಲಿಯ ಹೊಟ್ಟೆಯೊಳಗಿನ ಗುಲ್ಮದಲ್ಲಿರುತ್ತವೆ, ಹೊರಗೆ ತೆಗೆದರೆ ನಾಲ್ಕು ದಿನ ಬಾಳುವುದಿಲ್ಲ. ಅದಕ್ಕೆ ಅವನ್ನು ಸಾವಿಲ್ಲದ ಕ್ಯಾನ್ಸರ್ ಕೋಶಗಳ ಜೊತೆ ಬೆಸೆಯುತ್ತಿದ್ದರು. ಬೆಸೆದ ಸಾವಿರಾರು ಕೋಶಗಳಲ್ಲಿ ಬೇಕಾದ ಪ್ರತಿಕಾಯ ಕೊಡುವ ಒಂದೇ ಒಂದನ್ನು ಹುಡುಕಿ, ಒಂಟಿಯಾಗಿ ಬೆಳೆಸಿ, ಅದರ ಸಂತಾನವನ್ನು ಸಾಕಬೇಕು. ಅಜ್ಜಿ ಒಬ್ಬಳೇ ಆದ್ದರಿಂದ ಅಷ್ಟೂ ಮೊಮ್ಮಕ್ಕಳು ಒಂದೇ ಬಗೆಯ ಪ್ರತಿಕಾಯ ಕೊಡುತ್ತವೆ. ಅದು ಒಂದು ಪ್ರೋಟೀನಿನ ಒಂದೇ ಮೂಲೆಯನ್ನು ಹಿಡಿಯುತ್ತದೆ, ಬೇರೆ ಯಾವುದನ್ನೂ ಮುಟ್ಟುವುದಿಲ್ಲ. ಮಂಡಿ ಸವೆಯುವಾಗ ಉದುರಿ ರಕ್ತಕ್ಕೆ ಸೇರುವ ಚೂರನ್ನು ಹಿಡಿಯುವ ಅಂಥ ಒಂದು ವಂಶ ಬೇಕಾಗಿತ್ತು. ಚನ್ನಾಜಮ್ಮನಿಗೆ ಅದು ಸಿಗಲು ಮೂರು ವರ್ಷ ಹಿಡಿಯಿತು. ಬೆಳೆದದ್ದು ನಾಲ್ಕನೇ ತಟ್ಟೆಯ ಏಳನೇ ಗುಳಿಯಲ್ಲಾದ್ದರಿಂದ ಅದನ್ನು ನಾಲ್ಕು-ಏಳು ಎಂದು ಕರೆದರು.

ನಾಲ್ಕು-ಏಳಕ್ಕೆ ಎರಡು ದಿನಕ್ಕೊಮ್ಮೆ ಹೊಸ ಆಹಾರದ ದ್ರವ ಬೇಕು. ತಡವಾದರೆ ಹಳೆಯ ದ್ರವ ಹುಳಿಯಾಗಿ ಕೆಂಪು ಬಣ್ಣ ಹಳದಿಗೆ ತಿರುಗುತ್ತದೆ, ಕೋಶಗಳು ಮುದುಡುತ್ತವೆ. ಅದಕ್ಕೆ ಭಾನುವಾರವೆಂಬುದಿಲ್ಲ. ಯುಗಾದಿಯ ದಿನ, ಏಪ್ರಿಲ್ ಹದಿನಾಲ್ಕರ ಅಂಬೇಡ್ಕರ್ ಜಯಂತಿಯ ದಿನ, ಮಗಳು ಕವನಳಿಗೆ ಅಮ್ಮ ಎದ್ದು ಮೈಯೆಲ್ಲ ಗುಳ್ಳೆಯಾಗಿದ್ದ ವಾರ, ಎಲ್ಲ ದಿನವೂ ಸಾಕಮ್ಮ ಎರಡು ಬಸ್ಸು ಹತ್ತಿ ಹೋಗಿ ಅವಕ್ಕೆ ಉಣ್ಣಿಸಿ ಬಂದಿದ್ದಳು. ಸೂಕ್ಷ್ಮದರ್ಶಕದಲ್ಲಿ ಕಣ್ಣಿಟ್ಟು ದುಂಡಗಿವೆಯೇ, ಹೊಳೆಯುತ್ತಿವೆಯೇ, ಯಾವುದಾದರೂ ಸೊರಗಿದೆಯೇ ಎಂದು ಒಂದೊಂದು ಗುಳಿಯನ್ನೂ ನೋಡುತ್ತಿದ್ದಳು.

ಅವಳು ಅಲ್ಲಿ ಅದನ್ನು ನೋಡುತ್ತಿದ್ದ ಹೊತ್ತಿಗೆ ಸೋಸಲೆಯ ಮನೆಯಲ್ಲಿ ಚಲುವಮ್ಮ ಹನ್ನೊಂದನೆಯ ಕೊಡ ನೀರು ಹೊತ್ತು ತರುತ್ತಿದ್ದಳು. ಹಸುವಿಗೆ ಹುಲ್ಲು, ಮೊಮ್ಮಗಳ ಜಡೆ, ಮಗ ನಟರಾಜ್‌ಗೆ ತಾಲ್ಲೂಕು ಕಚೇರಿಗೆ ಒಯ್ಯಲು ಬುತ್ತಿ, ಬಟ್ಟೆ, ಪಾತ್ರೆ, ಸೆಗಣಿ. ಮೂವತ್ತು ವರ್ಷ ಊರವರ ಗದ್ದೆಯಲ್ಲಿ ಬಗ್ಗಿ ನಾಟಿ ಹಾಕಿದ್ದ ಅವಳು ಸೊಸೆ ಕೆಲಸಕ್ಕೆ ಸೇರಿದ ಮೇಲೆ ನಾಟಿಗೆ ಹೋಗುವುದನ್ನು ಬಿಟ್ಟಳು. "ಈಗೇನ್ ಬುಡು, ನಮ್ಮತ್ತೆ ಮನೇಲಿ ಕೂತವ್ರೆ," ಎಂದು ಸಾಕಮ್ಮ ಪ್ರಯೋಗಾಲಯದಲ್ಲಿ ಹೇಳುವುದಿತ್ತು. ಹೇಳುವಾಗ ಅದರಲ್ಲಿ ಸುಳ್ಳಿದೆ ಎಂದು ಅವಳಿಗೆ ಅನಿಸುತ್ತಿರಲಿಲ್ಲ.

ಪ್ರತಿಕಾಯ ಸರಿಯಾಗಿದೆಯೇ ಎಂದು ಪರೀಕ್ಷಿಸಲು ಎರಡು ಬಗೆಯ ರಕ್ತ ಬೇಕಾಗಿತ್ತು. ಮಂಡಿ ಸವೆದವರದು ಒಂದು, ಅದು ಮೈಸೂರಿನ ಆಸ್ಪತ್ರೆಯಿಂದ ಬಂತು, ನಲವತ್ತು ಜನರದು. ಇನ್ನೊಂದು ಅದೇ ವಯಸ್ಸಿನ, ಮಂಡಿ ನೋವಿಲ್ಲದ ಹೆಂಗಸರದು. ಅವರಲ್ಲಿ ಒಂಬತ್ತು ಜನ ಮೈಸೂರಿನ ಶಾಲೆ, ಬ್ಯಾಂಕುಗಳಲ್ಲಿ ಕೆಲಸ ಮಾಡುವವರು ಸಿಕ್ಕಿದರು. ಹಳ್ಳಿಯವರೂ ಇರಬೇಕೆಂದು ಚನ್ನಾಜಮ್ಮ ಸಾಕಮ್ಮನಿಗೆ ಎಂಟು ಫಾರಂ ಕೊಟ್ಟರು. "ಒಬ್ಬೊಬ್ಬರನ್ನೂ ಕೂರಿಸಿಕೊಂಡು ಕೇಳಿ. ಅವಸರ ಮಾಡಬೇಡಿ," ಎಂದೂ ಹೇಳಿದ್ದರು.

ಬೀದಿಯ ಹೆಂಗಸರು ಅಂಬೇಡ್ಕರ್ ಭವನದ ಜಗುಲಿಗೆ ಬಂದಿದ್ದರು. ಎಲ್ಲರಿಗೂ ಅವಸರ. ಒಬ್ಬಳಿಗೆ ಒಲೆಯ ಮೇಲೆ ಎಸರು, ಒಬ್ಬಳಿಗೆ ಗಂಡ ಬರುವ ಹೊತ್ತು.

"ಮಂಡಿ ನೋವೈತಾ ಚಿಕ್ಕಮ್ಮ?"

"ನೋವಾದ್ರೆ ಮಲೀಕಂತಿದ್ದೆ. ಇಲ್ಲಿಗೆ ಬತ್ತಿದ್ನಾ?"

"ಹಂಗಾದ್ರೆ ಇಲ್ಲ ಅಂತ ಬರೀಲಾ?"

"ಬರ್ಕೊ. ನಮ್ಗೇನವ್ವ ಮಂಡಿ ನೋವು, ನಾವೇನ್ ಆಫೀಸರ್ ಹೆಂಡ್ತೀರಾ?" ಎಲ್ಲರೂ ನಕ್ಕರು. ಸಾಕಮ್ಮನೂ ನಕ್ಕು ಬರೆದುಕೊಂಡಳು. ಅವರ ಲೆಕ್ಕದಲ್ಲಿ ಹಾಸಿಗೆ ಹಿಡಿಸುವುದು ಮಾತ್ರ ನೋವು. ಎದ್ದು ಕೆಲಸ ಮಾಡಲು ಬಿಡುವುದಕ್ಕೆ ಹೆಸರಿಲ್ಲ. ಅದೇ ಬೀದಿಯಲ್ಲಿ ಬಾಳುವ ಸಾಕಮ್ಮನಿಗೆ ಇದು ಗೊತ್ತಿತ್ತು. ಎರಡನೇ ಸಲ, ಬೇರೆ ಮಾತಿನಲ್ಲಿ ಕೇಳಬೇಕಾಗಿತ್ತು. ಕೇಳಲಿಲ್ಲ. ಮುಂದಿನ ಭಾನುವಾರ ನರ್ಸ್ ಬಂದು ಎಂಟು ಜನರ ರಕ್ತ ತೆಗೆದಳು. ಚಲುವಮ್ಮ ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಂಡು ಬಂದು ತೋಳು ಚಾಚಿದಳು. ಏತಕ್ಕೆ ಎಂದು ಕೇಳಲಿಲ್ಲ, ಸೊಸೆ ಹೇಳಿದ್ದಾಳೆ ಎಂದಷ್ಟೇ. ಸೀಸೆಯ ಮೇಲೆ ಹದಿನೇಳು ಎಂದು ಬರೆದವಳು ಸಾಕಮ್ಮನೇ.

ಪರೀಕ್ಷೆ ನಡೆದದ್ದು ಆಗಸ್ಟ್ ಕೊನೆಯ ವಾರ. ತೊಂಬತ್ತಾರು ಪುಟ್ಟ ಗುಳಿಗಳ ಪ್ಲಾಸ್ಟಿಕ್ ತಟ್ಟೆ. ರಕ್ತದಲ್ಲಿ ಸವೆದ ಚೂರು ಇದ್ದರೆ ನಾಲ್ಕು-ಏಳರ ಪ್ರತಿಕಾಯ ಅದನ್ನು ಹಿಡಿದು ಕೊನೆಗೆ ಗುಳಿ ಹಳದಿಯಾಗುತ್ತದೆ, ಇಲ್ಲದಿದ್ದರೆ ನೀರಿನಂತೆ ತಿಳಿಯಾಗಿ ಉಳಿಯುತ್ತದೆ. ಆಸ್ಪತ್ರೆಯವರ ಗುಳಿಗಳು ಒಂದೊಂದಾಗಿ ಹಳದಿಯಾದವು. ಮೈಸೂರಿನ ಒಂಬತ್ತೂ ತಿಳಿ. ಚನ್ನಾಜಮ್ಮ ಬಿಗಿಹಿಡಿದ ಉಸಿರು ಬಿಟ್ಟು ನಗಲು ಶುರು ಮಾಡಿದ್ದರು. ಆಗ ಕೊನೆಯ ಸಾಲಿನ ಬಣ್ಣ ತಿರುಗಿತು. ಸೋಸಲೆಯ ಎಂಟರಲ್ಲಿ ಐದು ಹಳದಿ. ಹದಿನೇಳನೆಯದು ಅರಿಶಿನದ ನೀರು.

"ಏನೋ ತಪ್ಪಾಗಿದೆ, ಇನ್ನೊಂದ್ಸಲ ಮಾಡೋಣ," ಎಂದರು ಚನ್ನಾಜಮ್ಮ. ಇನ್ನೂ ಎರಡು ಸಲ ಮಾಡಿದರು. ಅದೇ ಐದು. ಅದೇ ಹದಿನೇಳು.

ಪ್ರಯೋಗಾಲಯದ ಮುಖ್ಯಸ್ಥ ಬಸವಪ್ರಸಾದ್ ಶುಕ್ರವಾರ ಕಾಗದಗಳನ್ನು ನೋಡಿದರು. ಕೆಟ್ಟ ಮನುಷ್ಯರಲ್ಲ, ಆದರೆ ಅವರಿಗೆ ಜಾಗ ಬೇಕಾಗಿತ್ತು. "ಚನ್ನಾಜಮ್ಮ, ನೋವೇ ಇಲ್ಲದ ಹದಿನೇಳು ಜನರಲ್ಲಿ ಐದು ಜನಕ್ಕೆ ಹಿಡೀತಿದೆ ಅಂದ್ರೆ ಅದು ಮೃದ್ವಸ್ಥೀನ ಹಿಡೀತಿಲ್ಲ. ರಕ್ತದಲ್ಲಿ ಇನ್ನೇನಕ್ಕೋ ಅಂಟಿಕೊಳ್ತಿದೆ. ಸೋಮವಾರದಿಂದ ಅದಕ್ಕೆ ದ್ರವ ಹಾಕೋದು ನಿಲ್ಲಿಸಿ. ಶೈತ್ಯದ ಪೆಟ್ಟಿಗೇಲಿ ಇಟ್ಟಿರೋದನ್ನೂ ತೆಗೆದುಬಿಡಿ, ಮುಂದಿನ ಕೆಲಸಕ್ಕೆ ಜಾಗ ಆಗುತ್ತೆ."

"ಮೂರು ವರ್ಷ ಸರ್."

"ನನಗೆ ಗೊತ್ತಿಲ್ವಾ?"

ಚನ್ನಾಜಮ್ಮ ಹೊರಗೆ ಬಂದು ಸಾಮಾನು ತೊಳೆಯುವ ಸಿಂಕಿನ ಮುಂದೆ ನಿಂತರು. ಪಕ್ಕದಲ್ಲೇ ಸಾಕಮ್ಮ ಗಾಜಿನ ಸೀಸೆಗಳನ್ನು ತೊಳೆಯುತ್ತಿದ್ದಳು. "ಎಂಟು ಜನಕ್ಕೂ ನೋವಿಲ್ಲ ತಾನೇ ಸಾಕಮ್ಮ? ಸರಿಯಾಗಿ ಕೇಳಿದ್ರಿ ತಾನೇ?"

"ಕೇಳಿದ್ದೆ ಮೇಡಂ," ಎಂದಳು ಸಾಕಮ್ಮ. ಸೀಸೆಯಿಂದ ಕಣ್ಣೆತ್ತಲಿಲ್ಲ.

ಆ ಸಂಜೆ ಮನೆಗೆ ಬಂದವಳು ಅತ್ತೆಯನ್ನು ನೋಡತೊಡಗಿದಳು. ನೋಡಲು ದೊಡ್ಡದೇನೂ ಬೇಕಾಗಿರಲಿಲ್ಲ, ಕಣ್ಣು ತೆರೆದಿದ್ದರೆ ಸಾಕಿತ್ತು. ಜಗುಲಿ ಹತ್ತುವಾಗ ಅತ್ತೆ ಕಂಬವನ್ನು ತಬ್ಬಿ ಮೈಯನ್ನು ಮೇಲಕ್ಕೆಳೆದುಕೊಂಡಳು. ಇಳಿಯುವಾಗ ಬೆನ್ನು ತಿರುಗಿಸಿ, ಮಗು ಇಳಿದಂತೆ ಹಿಂದುಮುಂದಾಗಿ ಇಳಿದಳು. ಒಲೆಯ ಮುಂದೆ ಕೂರುವ ಮೊದಲು ಏನೇನು ಬೇಕೋ ಎಲ್ಲವನ್ನೂ ಕೈಗೆಟುಕುವಂತೆ ಇಟ್ಟುಕೊಂಡಳು, ಉಪ್ಪಿನಿಂದ ಹಿಡಿದು ಇಕ್ಕಳದವರೆಗೆ, ಮತ್ತೆ ಏಳಬೇಕಾಗದಂತೆ. ನೀರಿನ ದೊಡ್ಡ ಕೊಡ ಹಿತ್ತಲಲ್ಲಿ ಕವುಚಿಬಿದ್ದಿತ್ತು, ಅದರ ಜಾಗದಲ್ಲಿ ಎರಡು ಚಿಕ್ಕ ಬಿಂದಿಗೆ ಬಂದಿದ್ದವು. ಹಾಗಾದರೆ ನಲ್ಲಿಗೆ ಹೋಗಿ ಬರುವುದು ಎರಡರಷ್ಟಾಗಿದೆ. ಯಾವಾಗಿನಿಂದ ಎಂದು ತನಗೇ ಹೇಳಿಕೊಂಡಂತೆ ಕೇಳಿದಳು.

"ಎರಡ್ ವರ್ಸ ಆಯ್ತು," ಎಂದಳು ಐದು ವರ್ಷದ ಕವನ. ಅವಳಿಗೆ ಎರಡು ವರ್ಷವೆಂದರೆ ಬಹಳ ಹಿಂದೆ ಎಂದಷ್ಟೇ. "ಅಜ್ಜಿ ಮಂಡಿಗೆ ಎಣ್ಣೆ ತಿಕ್ಕಾದು ನಾನೇ. ದಿನಾ ತಿಕ್ತೀನಿ. ನಿಂಗೆ ಯೋಳ್ಬ್ಯಾಡ ಅಂದದೆ."

ಭಾನುವಾರ ಬೆಳಿಗ್ಗೆ ಅತ್ತೆ ಹಿತ್ತಲಲ್ಲಿ ಪಾತ್ರೆ ಉಜ್ಜುತ್ತಿದ್ದಳು. ಒಂದು ಕಾಲು ಮಡಚಿತ್ತು, ಇನ್ನೊಂದು ಉದ್ದಕ್ಕೆ ಚಾಚಿತ್ತು. ಸಾಕಮ್ಮ ಎದುರಿಗೆ ಕುಕ್ಕರುಗಾಲಿನಲ್ಲಿ ಕೂತಳು. ಅವಳ ಮಂಡಿ ಸದ್ದಿಲ್ಲದೆ ಮಡಚಿತು. ಅದಕ್ಕೂ ನಾಚಿಕೆಯಾಯಿತು.

"ಅತ್ತೆ, ಮಂಡಿ ನೋಯ್ತದಾ?"

"ಯಾಕೆ?"

"ಯೋಳಿ."

"ಇವತ್ತೇನ್ ಹೊಸ್ದಾಗಿ ಕೇಳೀಯೆ?"

ಸಾಕಮ್ಮ ಎಲ್ಲವನ್ನೂ ಹೇಳಿದಳು. ಬಸ್ಸು, ಫಾರಂ, ಇಪ್ಪತ್ತೆರಡು 'ಇಲ್ಲ', ಹಳದಿಯಾದ ಗುಳಿ. ಚಲುವಮ್ಮ ಬೂದಿ ಹತ್ತಿದ ಕೈಯನ್ನು ಪಾತ್ರೆಯಲ್ಲೇ ಇಟ್ಟುಕೊಂಡು ಕೇಳಿದಳು.

"ನೋಯ್ತದೆ," ಎಂದಳು ಕೊನೆಗೆ. "ಬೆಳಿಗ್ಗೆ ಏಳಾಗ ಒಳಗ್ ಯಾರೋ ಮರಳು ಸುರ್ದಂಗಾಯ್ತದೆ. ಆಮೇಕೆ ನಡೀತಾ ನಡೀತಾ ಬುಟ್ಕತದೆ."

"ಯಾಕೆ ಯೋಳ್ಲಿಲ್ಲ?"

"ಯೋಳಿದ್ರೆ ನಟರಾಜ ಏನಂತಿದ್ದ? ನಿಂಗೆ ಮನೇಲಿ ಕೂತ್ಕೊ ಅಂತಿದ್ದ. ನೀನೂ ಕೂತ್ಕಂಡು, ನಾನೂ ಕೂತ್ಕಂಡು, ಮೊಕ ಮೊಕ ನೋಡ್ಕಂಡಿರಾದಾ? ನಾನು ಓದ್ಲಿಲ್ಲ. ಓದಿರೋಳು ಓಗ್ಲಿ ಅಂದ್ಕಂಡೆ."

ಸಾಕಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡಳು. ಅತ್ತೆ ಅಷ್ಟಕ್ಕೇ ಬಿಡಲಿಲ್ಲ.

"ನಂಗೊಬ್ಳಿಗೇ ಗೊತ್ತಿತ್ತು ಅಂತ ಅಳಬ್ಯಾಡ. ದಿನಾ ಬೆಳಿಗ್ಗೆ ನಿನ್ ಪಕ್ಕದಲ್ಲೇ ಏಳ್ತೀನಿ. ಲಟಕ್ ಅಂತದೆ ಮಂಡಿ. ಕೇಳ್ಸಾಕಿಲ್ವಾ ನಿಂಗೆ? ನೀನು ಕೇಳ್ಲಿಲ್ಲ, ನಾನು ಯೋಳ್ಲಿಲ್ಲ. ಇಬ್ರಿಗೂ ನಡೀತಿತ್ತು."

ಕೇಳಿಸುತ್ತಿತ್ತು. ಒಣಗಿದ ಕಡ್ಡಿ ಮುರಿದಂಥ ಆ ಸದ್ದು ಸಾಕಮ್ಮನಿಗೆ ಅಲಾರಂ ಆಗಿತ್ತು, ಅದು ಕೇಳಿದ ಮೇಲೆ ಇನ್ನು ಕಾಲು ಗಂಟೆ ಮಲಗಬಹುದು ಎಂದು ಮಗ್ಗುಲಾಗುತ್ತಿದ್ದಳು. ಮರೆತು 'ಇಲ್ಲ' ಬರೆದಿರಲಿಲ್ಲ ಅವಳು. 'ಇದೆ' ಎಂದು ಬರೆದಿದ್ದರೆ ಅದನ್ನು ತಾನೇ ಓದಬೇಕಾಗುತ್ತಿತ್ತು. ಓದಿದ ಮೇಲೆ ಮಾರನೆಯ ಬೆಳಿಗ್ಗೆ ಚೀಲ ಹೆಗಲಿಗೇರಿಸಿ ಹೊರಡುವುದು ಹೇಗೆ?

ಈಗ ಅವಳ ಮುಂದೆ ಎರಡೇ ದಾರಿ ಇದ್ದವು. ಸುಮ್ಮನಿದ್ದರೆ ನಾಳೆ ನಾಲ್ಕು-ಏಳು ಸಾಯುತ್ತದೆ. ಚನ್ನಾಜಮ್ಮನ ಮೂರು ವರ್ಷದ ಜೊತೆ ಅವಳ ಅಷ್ಟೂ ಭಾನುವಾರಗಳು ಸಿಂಕಿನಲ್ಲಿ ಹರಿದುಹೋಗುತ್ತವೆ, ಆದರೆ ಕೆಲಸ ಉಳಿಯುತ್ತದೆ. ಹೇಳಿದರೆ ಅದು ಉಳಿಯಬಹುದು, ಅವಳು ಉಳಿಯುತ್ತಾಳೋ ಇಲ್ಲವೋ. ಸುಳ್ಳು ಫಾರಂ ತಂದವಳನ್ನು ಯಾರು ಇಟ್ಟುಕೊಳ್ಳುತ್ತಾರೆ? ಇಟ್ಟುಕೊಂಡರೂ ಅತ್ತೆಯ ಮಂಡಿಯ ವಿಷಯ ಮನೆಯಲ್ಲಿ ಬಾಯಿಗೆ ಬಂದ ಮೇಲೆ ಗಂಡ ಬಿಡುತ್ತಾನೆಯೇ?

ಸೋಮವಾರ ಅವಳು ಕೋಟು ಹಾಕಿಕೊಳ್ಳದೆ ಚನ್ನಾಜಮ್ಮನ ಕೋಣೆಗೆ ಹೋದಳು. ಅವರು ನಾಲ್ಕು-ಏಳರ ತಟ್ಟೆಗಳನ್ನು ಹೊರಗೆ ತೆಗೆದು ಸಾಲಾಗಿ ಇಟ್ಟಿದ್ದರು. ಇನ್ನೂ ಏನೂ ಸುರಿದಿರಲಿಲ್ಲ.

"ಫಾರಂ ಸುಳ್ಳು ಮೇಡಂ."

"ಯಾವ ಫಾರಂ?"

"ಏಳು ಜನಾನ ಕೇಳ್ದೆ, ಅವಸರದಲ್ಲಿ ಕೇಳ್ದೆ. ಒಬ್ರನ್ನ ಕೇಳ್ಲೇ ಇಲ್ಲ. ನಮ್ಮತ್ತೇನ. ಹದಿನೇಳು ಅವರದು. ಅವರ ಮಂಡಿ ನೋಯ್ತದೆ, ನಾಲ್ಕೈದು ವರ್ಷದಿಂದ. ನಂಗೆ ಗೊತ್ತಿತ್ತು."

ಚನ್ನಾಜಮ್ಮ ತಟ್ಟೆಗಳನ್ನು ಒಂದೊಂದಾಗಿ ಮತ್ತೆ ಬೆಚ್ಚನೆಯ ಪೆಟ್ಟಿಗೆಗೆ ಸೇರಿಸಿ ಬಾಗಿಲು ಹಾಕಿದರು. ಬೈಯುವ ಮೊದಲು ಅವು ತಣ್ಣಗಾಗಬಾರದಲ್ಲ.

"ಶುಕ್ರವಾರ ಸಿಂಕಿನ ಹತ್ತಿರ ಕೇಳಿದೆ. ಆಗ್ಲಾದ್ರೂ ಹೇಳಬಹುದಿತ್ತು."

"ಹೂಂ ಮೇಡಂ."

"ಆಸ್ಪತ್ರೆಯ ನಲವತ್ತು ಜನರಲ್ಲಿ ಅಷ್ಟು ಹಳದಿ ಬಂದವರು ಇಬ್ಬರೇ. ಇಬ್ಬರಿಗೂ ನಡೆಯೋಕೆ ಆಗಲ್ಲ." ಅವರು ಸಾಕಮ್ಮನ ಮುಖ ನೋಡಿದರು. "ನಿಮ್ಮತ್ತೆ ಈಗ ಎಲ್ಲಿದ್ದಾರೆ?"

ಸಾಕಮ್ಮ ಗೋಡೆಯ ಗಡಿಯಾರ ನೋಡಿದಳು. ಒಂಬತ್ತೂವರೆ. "ನಲ್ಲಿ ಹತ್ರ," ಎಂದಳು.

ಚನ್ನಾಜಮ್ಮ ಬಸವಪ್ರಸಾದರಿಂದ ಒಂದು ತಿಂಗಳ ಗಡುವು ಪಡೆದರು. ಎಂಟು ಹೆಂಗಸರನ್ನೂ ಜೀಪಿನಲ್ಲಿ ಮೈಸೂರಿಗೆ ಕರೆದೊಯ್ದು ಎಕ್ಸ್‌ರೇ ತೆಗೆಸಿದರು. ಆಫೀಸರ್ ಹೆಂಡತಿಯರ ಮಾತಾಡಿದ್ದ ಚಿಕ್ಕಮ್ಮ ಜೀಪಿನಲ್ಲಿ ದಾರಿಯುದ್ದಕ್ಕೂ "ನೋಡ್ರವ್ವ, ನನ್ ಮಂಡಿಗೆ ಕಾರ್ ಬಂತು," ಎಂದು ಎಲ್ಲರನ್ನೂ ನಗಿಸಿದಳು. ಎಕ್ಸ್‌ರೇಯಲ್ಲಿ ಮಂಡಿ ಸವೆದಿದ್ದದ್ದು ಐದು ಜನರಿಗೆ, ಆ ಐದು ಜನರಿಗೇ. ಪ್ರತಿಕಾಯ ಒಂದೂ ತಪ್ಪು ಹೇಳಿರಲಿಲ್ಲ. ಚಲುವಮ್ಮನ ಎರಡೂ ಮಂಡಿಯಲ್ಲಿ ಮೂಳೆಗೆ ಮೂಳೆ ತಾಗಿತ್ತು, ನಡುವೆ ಇರಬೇಕಾದ ಖಾಲಿ ಗೆರೆಯೇ ಇರಲಿಲ್ಲ. ಡಾಕ್ಟರು ಚಿತ್ರವನ್ನು ಬೆಳಕಿಗೆ ಹಿಡಿದು ಇಷ್ಟು ದಿನ ಹೇಗೆ ನಡೆಯುತ್ತಿದ್ದಿರಿ ಎಂದು ಕೇಳಿದರು. "ಕಾಲಲ್ಲೇ," ಎಂದಳು ಚಲುವಮ್ಮ.

ನಾಲ್ಕು-ಏಳು ಉಳಿಯಿತು. ಸಾಕಮ್ಮನೂ ಉಳಿದಳು, ಕ್ಷಮಿಸಿದ್ದರಿಂದಲ್ಲ. ಕುರಿಯ ಕೀಲು ಹೆರೆಯಲು ಆ ಗೋದಾಮಿನಲ್ಲಿ ಇನ್ನೊಂದು ಕೈ ಇರಲಿಲ್ಲ. "ಇನ್ಮೇಲೆ ಫಾರಂ ನೀವು ಮುಟ್ಟಬೇಡಿ," ಎಂದರು ಚನ್ನಾಜಮ್ಮ. ಐದು ವರ್ಷ ಹಾಗೇ ನಡೆಯಿತು. ಹೊಸದಾಗಿ ಬಂದ ಹುಡುಗಿ ಫಾರಂ ಹಿಡಿದು ಹಳ್ಳಿಗಳಿಗೆ ಹೋಗುವಾಗ ಸಾಕಮ್ಮ ತಲೆ ತಗ್ಗಿಸಿ ತಟ್ಟೆ ತೊಳೆಯುತ್ತಿದ್ದಳು.

ಮನೆಯಲ್ಲಿ ನಟರಾಜ್ ಅಂದುಕೊಂಡಂತೆಯೇ ಹೇಳಿದ. "ಅವ್ವಂಗೆ ಹಿಂಗಾಗದೆ ಅಂದ್ರೆ ನೀನು ಕೆಲ್ಸ ಬುಡ್ಬೇಕಾಯ್ತದೆ. ಇನ್ನೇನ್ ದಾರಿ?"

"ಅವ್ವ ನಿಮ್ಗೆ. ದಾರಿ ನನ್ನ ಕೇಳ್ತೀರಲ್ರೀ?" ಎಂದಳು ಸಾಕಮ್ಮ. ಅಷ್ಟು ಹೇಳಲು ತನಗೆ ಹಕ್ಕಿಲ್ಲ ಎಂದು ಹೇಳುತ್ತಿರುವಾಗಲೇ ಅನಿಸಿತು. ಆದರೂ ಹೇಳಿದಳು.

"ನಾನು ನೀರ್ ಹೊರ್ಲಾ? ಕಚೇರಿ ಗುಮಾಸ್ತ ನಾನು."

"ಹೊತ್ರೆ ಕೊಡ ಏನ್ ನಿನ್ ಸರ್ಟಿಫಿಕೇಟ್ ಕೇಳ್ತದೇನ್ಲಾ?" ಎಂದು ಒಳಗಿನಿಂದ ಚಲುವಮ್ಮ ಕೂಗಿದಳು.

ಒಂದು ತಿಂಗಳು ಮಾತಿಲ್ಲದೆ ಕಳೆದ ಮೇಲೆ ನಟರಾಜ್ ಮೊಪೆಡ್ಡಿನ ಎರಡೂ ಬದಿಗೆ ಪ್ಲಾಸ್ಟಿಕ್ ಕ್ಯಾನು ಕಟ್ಟಿದ. ತಲೆಯ ಮೇಲಾಗಲಿ ಸೊಂಟದ ಮೇಲಾಗಲಿ ಹೊರಲಿಲ್ಲ, ಗಾಡಿಯಲ್ಲಿ ತಂದರೆ ಅದು ಗಂಡಸಿನ ಕೆಲಸವಾಗುತ್ತಿತ್ತು. ಸಾಕಮ್ಮ ಒಂದು ಗಂಟೆ ಮುಂಚೆ ಏಳತೊಡಗಿದಳು. ಹಸುವನ್ನು ಮಾರಿದರು. ಇಷ್ಟಾದರೂ ಅವಳು ಸಂಜೆ ಬರುವಷ್ಟರಲ್ಲಿ ಬಟ್ಟೆ ಮಡಚಿರುತ್ತಿತ್ತು, ಕವನಳ ಪುಸ್ತಕ ಜೋಡಿಸಿರುತ್ತಿತ್ತು, ಒಲೆಯ ಮೇಲೆ ಸಾರು ಕುದಿಯುತ್ತಿತ್ತು. "ಬೇಡ ಅಂದ್ನಲ್ಲ ಅತ್ತೆ," ಎನ್ನುತ್ತಿದ್ದಳು. ಎರಡು ಬಸ್ಸು ಹತ್ತಿಳಿದ ಹಸಿವಿನಲ್ಲಿ ಆ ಸಾರನ್ನೇ ಉಣ್ಣುತ್ತಿದ್ದಳು. ಕೆಲಸ ಬಿಡುತ್ತೇನೆ ಎಂಬ ಮಾತು ಒಂದು ದಿನವೂ ಅವಳ ಬಾಯಲ್ಲಿ ಬರಲಿಲ್ಲ.

ಪ್ರಯೋಗಾಲಯದಲ್ಲಿ ಇನ್ನೊಂದು ಆಗಿತ್ತು, ಅದನ್ನು ಅವಳು ಮನೆಯಲ್ಲಿ ಹೇಳಿರಲಿಲ್ಲ. ಪ್ರತಿಯೊಂದು ಪರೀಕ್ಷೆಯಲ್ಲೂ ಹೋಲಿಸಿ ನೋಡಲು ಖಂಡಿತ ಹಳದಿಯಾಗುವ ಒಂದು ರಕ್ತ ಬೇಕು. ಅದಕ್ಕೆ ಹದಿನೇಳಕ್ಕಿಂತ ಒಳ್ಳೆಯದು ಸಿಗಲಿಲ್ಲ. ಹೀಗಾಗಿ ಐದು ವರ್ಷ, ವಾರಕ್ಕೆರಡು ಸಲ, ಸಾಕಮ್ಮ ಅತ್ತೆಯ ರಕ್ತದ ಸಾಸಿವೆಯಷ್ಟು ಹನಿಯನ್ನು ಶೈತ್ಯದ ಪೆಟ್ಟಿಗೆಯಿಂದ ತೆಗೆದು ಮೊದಲ ಗುಳಿಗೆ ಬಿಡುತ್ತಿದ್ದಳು. ಅದು ಹಳದಿಯಾದರೆ ಪರೀಕ್ಷೆ ಸರಿಯಾಗಿ ನಡೆದಿದೆ ಎಂದರ್ಥ. ಪ್ರತಿ ಸಲವೂ ಹಳದಿಯಾಯಿತು.

2004ರ ಡಿಸೆಂಬರಿನಲ್ಲಿ ಸೀಸೆಯ ತಳ ಕಂಡಿತು. ಚನ್ನಾಜಮ್ಮ ಸಾಕಮ್ಮನನ್ನು ಕರೆದರು. ಐದು ವರ್ಷದ ಮೇಲೆ ಅವಳ ಕೈಗೊಂದು ಫಾರಂ ಕೊಟ್ಟರು. ಕನ್ನಡದಲ್ಲಿ ಅಚ್ಚಾದ ಒಪ್ಪಿಗೆಯ ಪತ್ರ. "ಇನ್ನೊಂದು ಸಲ ರಕ್ತ ಬೇಕು. ಏತಕ್ಕೆ ಅಂತ ಪೂರ್ತಿ ಹೇಳಿ. ಕೇಳಿ. ಈ ಸಲ ನಿಜವಾಗ್ಲೂ ಕೇಳಿ."

ಚಲುವಮ್ಮ ಮನೆಯ ಮುಂದೆ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು ಅವರೆಕಾಯಿ ಸುಲಿಯುತ್ತಿದ್ದಳು. ಈಗ ಅವಳು ಕೋಲಿಲ್ಲದೆ ಬಾಗಿಲು ದಾಟುತ್ತಿರಲಿಲ್ಲ. ಸಾಕಮ್ಮ ನೆಲದ ಮೇಲೆ ಕೂತು ಪತ್ರವನ್ನು ಅಕ್ಷರ ಬಿಡದೆ ಓದಿ ಹೇಳಿದಳು.

"ಅಂದ್ರೆ ನನ್ ರಕ್ತ ಐದ್ ವರ್ಸದಿಂದ ಅಲ್ಲೇ ಐತಾ?"

"ಐತೆ ಅತ್ತೆ."

"ಯಾರ್ ತೆಗ್ದು ನೋಡೋರು?"

"ನಾನೇ."

"ಎಲ್ರುಕಿಂತ ನಂದೇ ಹಳದಿ?"

"ಹೂಂ."

"ಹಂಗಾದ್ರೆ ನನ್ ಮಂಡಿ ಸವ್ದಷ್ಟೂ ನಿಮ್ಗೆ ಚೆಂದ ಅನ್ನು," ಎಂದು ಚಲುವಮ್ಮ ನಕ್ಕಳು. ಹಲ್ಲಿಲ್ಲದ ಬಾಯಿ ತೆರೆದು ಮನಸಾರೆ ನಕ್ಕಳು. ಸಾಕಮ್ಮನಿಗೆ ನಗಲಾಗಲಿಲ್ಲ. ಅತ್ತೆ ಇನ್ನೂ ನಾಲ್ಕು ಕಾಯಿ ಸುಲಿದಳು.

"ನಾನು ಕೊಡಾಕಿಲ್ಲ," ಎಂದಳು ಆಮೇಲೆ.

ಸಾಕಮ್ಮನಿಗೆ ಮೊದಲು ಬಂದದ್ದು ಸಿಟ್ಟು. ಒಂದು ಚಮಚದಷ್ಟು ರಕ್ತ, ಚುಚ್ಚಿದರೆ ಇರುವೆ ಕಚ್ಚಿದಷ್ಟು, ಅದರಿಂದ ಎಷ್ಟು ಜನರಿಗೆ ಉಪಕಾರ ಎಂದೆಲ್ಲ ಮಾತುಗಳು ನಾಲಿಗೆಯ ತುದಿಗೆ ಬಂದವು. ನಾಳೆ ಮೇಡಂ ಮುಂದೆ ಏನು ಹೇಳುವುದು ಎಂಬ ಭಯವೂ ಬಂತು. ಕೆಲಸಕ್ಕೆ ಸೇರಿದ ಒಂಬತ್ತು ವರ್ಷದಲ್ಲಿ ಈ ಹೆಂಗಸು ತನಗೆ ಇಲ್ಲವೆಂದದ್ದು ಇದೇ ಮೊದಲು ಎಂದು ಹೊಳೆದಾಗ ಆ ಸಿಟ್ಟನ್ನು ಎಲ್ಲಿ ಅಡಗಿಸಿಡುವುದೋ ಅವಳಿಗೆ ತಿಳಿಯಲಿಲ್ಲ.

"ಯಾಕತ್ತೆ?"

"ಬ್ಯಾಡ ಅನ್ನಿಸ್ತು. ಮೊದ್ಲೂ ಬೇಕಾದಷ್ಟು ಸಲ ಅನ್ನಿಸ್ತಿತ್ತು, ಯಾರೂ ಕೇಳ್ಲಿಲ್ಲ. ಕೇಳಿದ್ಯಲ್ಲ ಈಗ, ಅದ್ಕೆ ಯೋಳ್ದೆ."

ಸಾಕಮ್ಮ ಪೆನ್ನು ತೆಗೆದು 'ಒಪ್ಪಿಗೆ ಇಲ್ಲ' ಎಂಬ ಚೌಕದಲ್ಲಿ ಗುರುತು ಹಾಕಿದಳು. ಕೆಳಗೆ ಸಹಿಯ ಜಾಗವಿತ್ತು. ಚೀಲದಿಂದ ಇಂಕಿನ ಪ್ಯಾಡು ತೆಗೆದು ಅತ್ತೆಯ ಮುಂದೆ ಹಿಡಿದಳು.

"ಬ್ಯಾಡ ಅನ್ನಾಕೂ ಎಬ್ಬೆಟ್ಟು ಒತ್ಬೇಕಾ?"

"ಒತ್ಬೇಕು ಅತ್ತೆ."

ಚಲುವಮ್ಮ ಅವರೆಯ ಸಿಪ್ಪೆ ಹತ್ತಿದ ಬೆರಳನ್ನು ಸೆರಗಿಗೆ ಒರೆಸಿಕೊಂಡು ಹೆಬ್ಬೆಟ್ಟನ್ನು ಇಂಕಿಗೆ ಅದ್ದಿದಳು. ಕಾಗದದ ಮೇಲಿಟ್ಟು ತಿರುಗಿಸಿ ತಿರುಗಿಸಿ ಒತ್ತಿದಳು, ನೇರಳೆ ಬಣ್ಣ ಚೌಕದ ಗೆರೆ ದಾಟಿ ಅಕ್ಷರಗಳ ಮೇಲೆಲ್ಲ ಹರಡುವವರೆಗೂ.